ಮಾರ್ಚಾನೊನ ಕೆಮ್ಮು

ನಿಕಾಂದ್ರೊನಿಗೆ ಮಾತೇ ಬರುವುದಿಲ್ಲ ಎಂದು ನಮ್ಮ ಓಣಿಯ ಅರ್ಧ ಜನ ತಿಳಿದಿದ್ದರು. ಬರುತ್ತಿತ್ತು. ಆದರೆ ಅದನ್ನು ಆಡುವ ಕೆಲಸವನ್ನು ಅವನು ತಮ್ಮ ಮಾರ್ಚಾನೊನಿಗೆ ಬಿಟ್ಟುಕೊಟ್ಟಿದ್ದ. "ಕಾಫಿ ಕೊಡ್ಲಾ ನಿಕಾಂದ್ರೊ ಮಾಮ?" ಎಂದು ನಾನು ಕೇಳಿದರೆ ತಮ್ಮನ ಮುಖ ನೋಡುತ್ತಿದ್ದ. ತಮ್ಮ ಹೇಳುತ್ತಿದ್ದ: "ಕೊಡು ಪಾಲ್ಮಿರಾ, ಸಕ್ಕರೆ ಮುಂದಾಗಿರ್ಲಿ. ಬೆಟ್ಟದಲ್ಲಿ ಇವನಿಗೆ ಸಿಗೋ ಸಿಹಿ ಅಂದ್ರೆ ನನ್ನ ಮಾತೊಂದೇ." ನಿಕಾಂದ್ರೊ ನಗುತ್ತಲೂ ಇರಲಿಲ್ಲ, ಅಲ್ಲ ಎನ್ನುತ್ತಲೂ ಇರಲಿಲ್ಲ. ಕಾಫಿ ಕುಡಿದು ಬಟ್ಟಲು ಕೆಳಗಿಟ್ಟು ಚೀಲಕ್ಕೆ ಗಾಳಿ ತುಂಬಲು ಶುರುಮಾಡುತ್ತಿದ್ದ.

ಚೀಲ ಎಂದರೆ ಅವನ ವಾದ್ಯ. ಇಡೀ ಮೇಕೆಯ ಚರ್ಮ ಸುಲಿದು ಹದಮಾಡಿ ಹೊಲಿದ ಚೀಲ, ಅದಕ್ಕೆ ಸಿಕ್ಕಿಸಿದ ಉದ್ದುದ್ದ ಮರದ ಕೊಳವೆಗಳು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಊದಿದರೆ ನಮ್ಮ ಓಣಿಯ ಗೋಡೆಗಳೆಲ್ಲ ಗುಂಯ್ ಎನ್ನುತ್ತಿದ್ದವು. ಮಾರ್ಚಾನೊನದು ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚಿನ ಊದುಕೊಳವೆ, ಮೌರಿ. ಅಣ್ಣ ಶ್ರುತಿ ಹಿಡಿಯಬೇಕು, ತಮ್ಮ ಅದರ ಮೇಲೆ ರಾಗ ಹೊರಡಿಸಬೇಕು. ಅಣ್ಣನಿಲ್ಲದೆ ತಮ್ಮನ ಮೌರಿ ಬರೀ ಕಿರುಚಾಟ, ತಮ್ಮನಿಲ್ಲದೆ ಅಣ್ಣನ ಚೀಲ ಬರೀ ಗೊಣಗಾಟ. ಇದನ್ನು ಮಾರ್ಚಾನೊನೇ ಹೇಳುತ್ತಿದ್ದ, ಹೆಮ್ಮೆಯಿಂದ.

ಅವರಿಬ್ಬರೂ ಮೊಲೀಸೆ ಬೆಟ್ಟಗಳ ಕುರಿಗಾಹಿಗಳು. ಮದುವೆಯಾಗಲಿಲ್ಲ. ಒಂದೇ ಮನೆ, ಒಂದೇ ಒಲೆ, ಒಂದಷ್ಟು ಕುರಿ. ಕ್ರಿಸ್ಮಸ್ಸಿಗೆ ಮುಂಚಿನ ಒಂಬತ್ತು ದಿನ ನಮ್ಮ ನಾಪೋಲಿ ಪಟ್ಟಣಕ್ಕೆ ಇಳಿದು ಬಂದು, ಬಾಲಯೇಸುವಿನ ಕೊಟ್ಟಿಗೆಯ ಬೊಂಬೆ ಜೋಡಿಸಿದ ಮನೆಮನೆಯ ಗೋದಲಿಯ ಮುಂದೆ ನಿಂತು ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆಯ ರಾಗ, ಊದುತ್ತಿದ್ದರು. ಅವರ ಅಪ್ಪನೂ ಅದನ್ನೇ ಮಾಡಿದ್ದ, ಅಜ್ಜನೂ ಅಷ್ಟೇ. ನವೆಂಬರಿನಲ್ಲೊಮ್ಮೆ ಬಂದು ಯಾವ ಯಾವ ಮನೆಯವರಿಗೆ ನೊವೆನಾ ಬೇಕೋ ಅವರ ಕೈಗೆ ತಾವೇ ಕೆತ್ತಿದ ಒಂದು ಮರದ ಚಮಚ ಕೊಟ್ಟು ಹೋಗುತ್ತಿದ್ದರು. ಚಮಚ ಕೊಟ್ಟರೆ ಮಾತು ಕೊಟ್ಟಂತೆ. ಒಂಬತ್ತು ದಿನವೂ ಊದಬೇಕು, ನಡುವೆ ಒಂದು ದಿನ ತಪ್ಪಿದರೂ ಆ ಮನೆಗೆ ಒಳ್ಳೆಯದಲ್ಲ ಎಂದು ನಮ್ಮ ನಂಬಿಕೆ. ನಂಬಿಕೆಗೆ ಕಾರಣ ಕೇಳಬೇಡಿ, ನನ್ನ ಅತ್ತೆಯನ್ನು ಕೇಳಿ ನಾನು ಒಮ್ಮೆ ಬೈಸಿಕೊಂಡಿದ್ದೇನೆ.

ನನ್ನದು ಓಣಿಯ ಬಾಯಲ್ಲಿರುವ ಕಾಫಿ ಅಂಗಡಿ. ಅತ್ತೆಯಿಂದ ಬಂದದ್ದು. ಆಗ ಇಡೀ ಓಣಿಗೆ ಫೋನ್ ಇದ್ದದ್ದು ನನ್ನಲ್ಲೊಂದೇ. ಹೀಗಾಗಿ ಯಾರ ಮಗಳು ಯಾರ ಮಗನಿಗೆ ಏನು ಹೇಳಿದಳು ಎನ್ನುವುದು ಅವರ ತಾಯಂದಿರಿಗಿಂತ ಮುಂಚೆ ನನಗೆ ಗೊತ್ತಾಗುತ್ತಿತ್ತು. ಕದ್ದು ಕೇಳುತ್ತಿರಲಿಲ್ಲ. ಅಂಗಡಿಯೇ ಅಷ್ಟು ಚಿಕ್ಕದು. ಅಣ್ಣತಮ್ಮಂದಿರು ಮಲಗುತ್ತಿದ್ದದ್ದು ನನ್ನ ಅಂಗಡಿಯ ಹಿಂದಿನ ಉಗ್ರಾಣದಲ್ಲಿ, ಕಾಫಿ ಬೀಜದ ಮೂಟೆಗಳ ನಡುವೆ. ಅವರು ಹೋದ ಮೇಲೆ ಕಾಫಿಗೆ ಕುರಿಯ ವಾಸನೆ ಎಂದು ಗಿರಾಕಿಗಳು ಜನವರಿಯುದ್ದಕ್ಕೂ ತಮಾಷೆ ಮಾಡುತ್ತಿದ್ದರು.

ಅವರು ಜಗಳ ಆಡಿದ ಒಂದು ವರ್ಷವೂ ನನಗೆ ನೆನಪಿದೆ. ಕತ್ತೆಯೊಂದನ್ನು ಮಾರಿದ ವಿಷಯಕ್ಕೆ ಮುನಿಸಿಕೊಂಡು, ಒಂಬತ್ತೂ ದಿನ ಒಬ್ಬರ ಹತ್ತಿರ ಒಬ್ಬರು ತುಟಿ ಬಿಚ್ಚಲಿಲ್ಲ. "ಪಾಲ್ಮಿರಾ, ನಿಮ್ಮ ನಿಕಾಂದ್ರೊ ಮಾಮನಿಗೆ ಹೇಳು, ಅವನ ಕಾಲುಪಟ್ಟಿ ಬಿಚ್ಚಿದೆ," ಎನ್ನುತ್ತಿದ್ದ ಮಾರ್ಚಾನೊ, ಅಣ್ಣ ಪಕ್ಕದಲ್ಲೇ ನಿಂತಿರುವಾಗ. ಆದರೆ ಗೋದಲಿಯ ಮುಂದೆ ನಿಂತರೆ ಒಂದು ಎಳೆ ಹೆಚ್ಚುಕಮ್ಮಿಯಿಲ್ಲದೆ ಊದುತ್ತಿದ್ದರು. ಅಂಥ ಚೆಂದದ ನೊವೆನಾ ನಾನು ಮತ್ತೆ ಕೇಳಿಲ್ಲ.

ಈಗ ಹೇಳಹೊರಟದ್ದು ಕಾಲರಾ ಬಂದು ಹೋದ ಮರುವರ್ಷದ್ದು. ನವೆಂಬರಿನಲ್ಲಿ ಇಬ್ಬರೂ ಬಂದು ಚಮಚ ಹಂಚಿ ಹೋಗಿದ್ದರು. ಮಾರ್ಚಾನೊ ಸ್ವಲ್ಪ ಕೆಮ್ಮುತ್ತಿದ್ದ. ಡಿಸೆಂಬರಿನಲ್ಲಿ ನೊವೆನಾದ ಮೊದಲ ದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗ ಹೊಸ್ತಿಲ ಮೇಲೆ ನಿಕಾಂದ್ರೊ ಒಬ್ಬನೇ ನಿಂತಿದ್ದ. ಕುರಿತೊಗಲಿನ ಅದೇ ಕೋಟು, ಕಂಕುಳಲ್ಲಿ ಅದೇ ಚೀಲ. ಮುಖದ ತುಂಬ ಗಡ್ಡ.

"ಮಾರ್ಚಾನೊಗೆ ಕೆಮ್ಮು," ಎಂದ. "ಡಾಕ್ಟ್ರು ಹೊರಗೆ ಬರಬೇಡ ಅಂದಿದ್ದಾರೆ. ಈ ಸಲ ನಾನೊಬ್ಬನೇ."

ಅಷ್ಟು ವರ್ಷಗಳಲ್ಲಿ ಅವನು ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು ಅದು. ನಾನು ಒಳಗೆ ಕರೆದು ಕಾಫಿ ಕೊಟ್ಟೆ. ಅವನ ಗಡ್ಡವನ್ನು ನೋಡದ ಹಾಗೆ ನೋಡಿದೆ. ಪ್ರತಿ ವರ್ಷ ಬಂದ ಕೂಡಲೇ ಇಬ್ಬರೂ ಎದುರಿನ ಕ್ಷೌರದಂಗಡಿಗೆ ಹೋಗುತ್ತಿದ್ದರು, ಬಾಲಯೇಸುವಿನ ಮುಂದೆ ಮುಳ್ಳುಮುಖ ಇಟ್ಟುಕೊಂಡು ನಿಲ್ಲಬಾರದು ಎಂದು. ಬೆಟ್ಟದ ಗಂಡಸರು ಗಡ್ಡ ಬಿಡುವುದು ಒಂದೇ ಕಾರಣಕ್ಕೆ. ಅದು ನನಗೆ ಗೊತ್ತಿತ್ತು.

ಕ್ಷೌರಿಕ ದೊನ್ ಅತ್ತೀಲಿಯೊ ಬಾಗಿಲಿಗೆ ಬಂದು ಟವೆಲ್ ಝಾಡಿಸಿದ. "ಬಾ ನಿಕಾಂದ್ರೊ, ಕುರ್ಚಿ ಖಾಲಿ ಇದೆ."

"ಬೇಡ. ಚಳಿ."

"ನೀರು ಬಿಸಿ ಮಾಡ್ತೀನಪ್ಪ."

"ಬೇಡ ಅತ್ತೀಲಿಯೊ."

ಅತ್ತೀಲಿಯೊ ಟವೆಲನ್ನು ನಾಲ್ಕು ಮಡಿಕೆ ಮಡಿಸಿದ. ಮತ್ತೆ ಬಿಚ್ಚಿ ಮಡಿಸಿದ. ನಿಕಾಂದ್ರೊ ಚೀಲ ಹೊತ್ತು ಮೊದಲ ಮನೆಯತ್ತ ಹೋದ ಮೇಲೆ ನನ್ನ ಅಂಗಡಿಗೆ ಬಂದು ಕಟ್ಟೆಗೆ ಒರಗಿದ. "ಪಾಲ್ಮಿರಾ, ಒಂದು ಕಾಫಿ," ಎಂದ. ಕುಡಿದು ಬಟ್ಟಲು ಕೆಳಗಿಟ್ಟು, "ಪಾಪ, ಮಾರ್ಚಾನೊ," ಎಂದ. "ಕೆಮ್ಮಂತೆ," ಎಂದೆ ನಾನು. "ಹೂಂ, ಕೆಮ್ಮು," ಎಂದ ಅವನು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸುಳ್ಳು ಏಕೆ ಹೇಳಿದ ಎನ್ನುವುದು ನಮಗೆ ತಿಳಿಯದ್ದೇನಲ್ಲ. ಸೂತಕದವರು ವಾದ್ಯ ಮುಟ್ಟುವ ಹಾಗಿಲ್ಲ. ನಮ್ಮಲ್ಲಿ ಸಾವಾದ ಮನೆಯವರು ರೇಡಿಯೋ ಮೇಲೂ ಬಟ್ಟೆ ಮುಚ್ಚುತ್ತಾರೆ. ಅಂಥದ್ದರಲ್ಲಿ ಸ್ವಂತ ತಮ್ಮನನ್ನು ಮಣ್ಣುಮಾಡಿ ಬಂದವನು ಪರರ ಗೋದಲಿಯ ಮುಂದೆ ಊದಿದರೆ? ಓಣಿಯಲ್ಲಿ ಯಾರಾದರೂ ಒಬ್ಬರು ಬಾಯಿಬಿಟ್ಟು "ಸತ್ತ" ಎಂಬ ಒಂದು ಮಾತು ಆಡಿದರೆ ಸಾಕಿತ್ತು, ನಿಕಾಂದ್ರೊ ಚೀಲ ಕೆಳಗಿಡಬೇಕಾಗುತ್ತಿತ್ತು. ಚಮಚ ಕೊಟ್ಟ ಮನೆಗಳೆಲ್ಲ ಬಾಕಿ. ತಮ್ಮನೂ ಸೇರಿ ಕೊಟ್ಟ ಮಾತು ಅದು. ಒಂಬತ್ತು ದಿನ "ಸತ್ತ" ಎಂಬ ಆ ಒಂದು ಮಾತು ಯಾರ ಬಾಯಿಂದಲೂ ಬೀಳದಿದ್ದರೆ ಅವನು ಗೆದ್ದ. ನಮ್ಮ ಓಣಿಯಲ್ಲಿ. ಇಲ್ಲಿ ಬೆಕ್ಕು ಮರಿ ಹಾಕಿದರೂ ಮೂರನೆಯ ಮಹಡಿಯಿಂದ ಸಾರುತ್ತಾರೆ.

ಅದಕ್ಕಿಂತ ದೊಡ್ಡ ಹೆದರಿಕೆ, ನಾವೆಲ್ಲ ದೊನ್ನಾ ಎಂದು ಗೌರವದಿಂದ ಕರೆಯುವ ರಫಿಲೀನಾಳದು. ಆಕೆ ನಮ್ಮ ಓಣಿಯ ಮಾತೆ ಮರಿಯಳ ಗೂಡಿಗೆ ದೀಪ ಹಚ್ಚುವವಳು, ದೊಡ್ಡ ಗೋದಲಿ ಕಟ್ಟುವವಳು, ರೀತಿ ರಿವಾಜಿನ ಪೊಲೀಸು. ಗಂಡ ಸತ್ತರೆ ಎಷ್ಟು ವರ್ಷ ಕಪ್ಪು, ಮಾವ ಸತ್ತರೆ ಎಷ್ಟು ತಿಂಗಳು, ಎಲ್ಲ ಬಾಯಿಪಾಠ. ನನ್ನ ನಾದಿನಿ ವರ್ಷ ತುಂಬುವ ಮುಂಚೆ ಬೂದು ಬಣ್ಣದ ಕಾಲುಚೀಲ ಹಾಕಿದ್ದಕ್ಕೆ ಬಾಲ್ಕನಿಯಿಂದಲೇ ನೀರಿಳಿಸಿದ್ದಳು. ಸುಳ್ಳು ಎಂದರೆ ಆಕೆಗೆ ಆಗದು. ಅಂಗಡಿಯವಳು ತೂಕ ತಪ್ಪಿದರೂ ಕ್ಷಮಿಸಿಯಾಳು, ಮಾತು ತಪ್ಪಿದರೆ ಇಲ್ಲ.

ಅಂದು ಮಧ್ಯಾಹ್ನ ಆಕೆ ಕೋಲೂರಿಕೊಂಡು ಇಳಿದು ಬಂದಾಗ ನಿಕಾಂದ್ರೊ ನನ್ನ ಅಂಗಡಿಯ ಮುಂದೆ ಕೊಳವೆ ಒರೆಸುತ್ತ ಕೂತಿದ್ದ. "ಏನಯ್ಯಾ, ನಿನ್ನ ತಮ್ಮ ಎಲ್ಲಿ?"

"ಕೆಮ್ಮು, ದೊನ್ನಾ ರಫಿಲೀನಾ."

ಆಕೆ ಅವನ ಗಡ್ಡ ನೋಡಿದಳು. ಕಣ್ಣು ಕಿರಿದು ಮಾಡಿ, ಹತ್ತಿರ ಬಾಗಿ, ಸರಕು ಪರೀಕ್ಷೆ ಮಾಡುವವಳ ಹಾಗೆ ನೋಡಿದಳು. ನನ್ನ ಕೈಯಲ್ಲಿ ಬಟ್ಟಲು ಹಾಗೇ ನಿಂತಿತು. ಎದುರಂಗಡಿಯಲ್ಲಿ ಅತ್ತೀಲಿಯೊ ಯಾರದೋ ಗಲ್ಲದ ಮೇಲೆ ಕತ್ತಿ ಇಟ್ಟವನು ಎಳೆಯಲಿಲ್ಲ. ಮುಗಿಯಿತು ಎಂದುಕೊಂಡೆ.

"ಒಣ ಕೆಮ್ಮೋ, ಕಫ ಬರುತ್ತೋ?" ಎಂದಳು ರಫಿಲೀನಾ.

ನಿಕಾಂದ್ರೊ ಕೊಳವೆಯನ್ನು ಇನ್ನೊಮ್ಮೆ ಒರೆಸಿದ. "ಒಣ ಕೆಮ್ಮು."

"ಒಣ ಅಂಜೂರ ಹಾಲಲ್ಲಿ ಕುದಿಸಿ ಕುಡೀಬೇಕು. ನಾನು ಕೊಟ್ಟು ಕಳಿಸ್ತೀನಿ. ಹೋಗು, ಫೋನ್ ಮಾಡಿ ಹೇಳು ಅವನಿಗೆ, ಬರಿಗಾಲಲ್ಲಿ ಅಂಗಳಕ್ಕೆ ಇಳೀಬೇಡ ಅಂತ."

ಹೇಳಿ, ಕೋಲೂರಿಕೊಂಡು ಹೋದಳು. ಅತ್ತೀಲಿಯೊನ ಕತ್ತಿ ಮುಂದೆ ಸರಿಯಿತು.

ನಿಕಾಂದ್ರೊ ನನ್ನಿಂದ ಒಂದು ಫೋನ್ ಬಿಲ್ಲೆ ತೆಗೆದುಕೊಂಡ. ಫೋನಿನ ಗೂಡಿಗೆ ಹೋಗಿ ಎತ್ತಿದ. ಅವರೂರಿನಲ್ಲಿ ಫೋನ್ ಇರುವುದು ಚೌಕದ ಹೆಂಡದಂಗಡಿಯಲ್ಲಿ. ಅಲ್ಲಿಯವರು ಹೋಗಿ ಕರೆದುಕೊಂಡು ಬರಬೇಕು, ಅಲ್ಲಿಯವರೆಗೆ ಕಾಯಬೇಕು. ಇವನು ಕಾಯಲಿಲ್ಲ. "ಹಲೋ, ಮಾರ್ಚಾ," ಎಂದ. "ಅಂಜೂರ ಕುದಿಸಿ ಕುಡೀಬೇಕಂತೆ. ಹೂಂ. ಬರಿಗಾಲಲ್ಲಿ ಇಳೀಬೇಡ. ಹೂಂ." ಇಟ್ಟ. ಬಿಲ್ಲೆ ಒಳಗೆ ಬಿದ್ದ ಸದ್ದು ನನಗೆ ಕೇಳಿಸಿರಲಿಲ್ಲ. ಅದು ಅವನ ಅಂಗೈಯಲ್ಲೇ ಇತ್ತು. ಬಿಲ್ಲೆ ಬೀಳದೆ ಆ ಫೋನು ಗುಂಯ್ ಎನ್ನುವುದೂ ಇಲ್ಲ. ನಾನು ಬೆನ್ನು ತಿರುಗಿಸಿ ತೊಳೆದ ಬಟ್ಟಲನ್ನೇ ಮತ್ತೆ ತೊಳೆದೆ. ಕಣ್ಣೀರು ಬಂತು, ಸುಳ್ಳೇಕೆ ಹೇಳಲಿ.

ಅಲ್ಲಿಂದ ಶುರುವಾಯಿತು ನೋಡಿ. ಯಾರೂ ಸಭೆ ಸೇರಿಸಲಿಲ್ಲ, ಯಾರೂ ಕಣ್ಣು ಹೊಡೆಯಲಿಲ್ಲ. ರಫಿಲೀನಾಳೇ ಕೆಮ್ಮು ಎಂದ ಮೇಲೆ ಇಡೀ ಓಣಿಗೆ ಅದು ಕೆಮ್ಮು. ಅಂಜೂರ ಬಂತು, ಜೇನು ಬಂತು, ಎದೆಗೆ ಹಚ್ಚುವ ಎಣ್ಣೆ ಬಂತು. ಎರಡನೆಯ ಮಹಡಿಯ ದರ್ಜಿಯ ಹೆಂಡತಿ ಉಣ್ಣೆಯ ಬನಿಯನ್ ಕೊಟ್ಟು, "ಅವನಿಗೆ ಸಡಿಲ ಆಗುತ್ತೇನೋ, ನೋಡಿ ಹೇಳು," ಎಂದಳು. ನನ್ನ ಉಗ್ರಾಣದ ಒಂದು ಮೂಲೆ ಮಾರ್ಚಾನೊನದಾಯಿತು. ಸತ್ತವನ ಪಾಲು ಬೆಳೆಯುತ್ತಲೇ ಹೋಯಿತು.

ಔಷಧದ ವಿಷಯಕ್ಕೆ ಜಗಳವೂ ಆಯಿತು. ಅತ್ತೀಲಿಯೊ ಸಾಸಿವೆ ಅರೆದು ಎದೆಗೆ ಪಟ್ಟು ಹಾಕಬೇಕೆಂದ. ರಫಿಲೀನಾ, "ನೀನು ಗಡ್ಡ ಕೆರೆಯೋನು, ಗಡ್ಡ ಕೆರಿ. ಸಾಸಿವೆ ಹಾಕಿದ್ರೆ ಅವನ ಎದೆ ಸುಟ್ಟೇ ಹೋಗುತ್ತೆ," ಎಂದಳು.

"ನನ್ನ ಅಪ್ಪನಿಗೆ ಹಾಕಿದ್ವಿ, ವಾಸಿ ಆಯ್ತು."

"ನಿಮ್ಮಪ್ಪ ಸತ್ತಿದ್ದು ಯಾವುದರಿಂದ ಮತ್ತೆ?"

"ಅದು ಹೊಟ್ಟೆನೋವು, ದೊನ್ನಾ ರಫಿಲೀನಾ. ಕೆಮ್ಮು ವಾಸಿ ಆಗಿತ್ತು."

ನಿಕಾಂದ್ರೊ ಒಬ್ಬರ ನಂತರ ಒಬ್ಬರ ಮುಖ ನೋಡುತ್ತ ಕೂತಿದ್ದ. ಆಮೇಲೆ ಮೆಲ್ಲಗೆ, "ಅಂಜೂರದಿಂದಲೇ ಸ್ವಲ್ಪ ಗುಣ ಕಾಣ್ತಿದೆಯಂತೆ," ಎಂದ. ರಫಿಲೀನಾ ಗೆದ್ದವಳಂತೆ ಕೋಲು ಕುಟ್ಟಿದಳು. ಇಬ್ಬರಿಗೂ ಅದು ಆಟವಾಗಿರಲಿಲ್ಲ. ಮಣ್ಣೊಳಗಿದ್ದವನ ಎದೆಯ ಬಗ್ಗೆ ಅವರು ನಿಜವಾಗಿಯೂ ಸಿಟ್ಟಾಗಿದ್ದರು.

ಊದುವುದೇ ಕಷ್ಟವಾಗಿತ್ತು. ನಿಕಾಂದ್ರೊ ತನ್ನ ಪಾಲಿನದನ್ನು ಮಾತ್ರ ಊದುತ್ತಿದ್ದ. ಮೌರಿ ಏಳಬೇಕಾದ ಕಡೆ ಚೀಲದ ಗುಂಯ್‌ಗುಟ್ಟುವಿಕೆಯಷ್ಟೇ ಉಳಿಯುತ್ತಿತ್ತು. ಅವನು ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ತಮ್ಮನ ಸಾಲು ಮುಗಿಯುವಷ್ಟು ಹೊತ್ತು ಕಾದು, ಮತ್ತೆ ಮುಂದುವರಿಯುತ್ತಿದ್ದ. ಎಡಗಡೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವನ್ನೂ ಬಿಟ್ಟಿರುತ್ತಿದ್ದ. ಹುಟ್ಟಿದಾಗಿನಿಂದ ಆ ರಾಗ ಕೇಳಿದ ನಮಗೆ ಕಿವಿ ತಾನಾಗಿಯೇ ಅದನ್ನು ತುಂಬಿಕೊಳ್ಳುತ್ತಿತ್ತು. ಹೆಂಗಸರು ಗೋದಲಿಯ ದೀಪ ಸರಿಮಾಡುವ ನೆಪದಲ್ಲಿ ಮುಖ ಆ ಕಡೆ ಮಾಡುತ್ತಿದ್ದರು.

ಹೀಗೆ ಅರ್ಧಕ್ಕಿಂತ ಹೆಚ್ಚು ದಿನ ಕಳೆದವು. ಆಗ ಬಂದಳು ಡೆನ್ಮಾರ್ಕಿನ ಹೆಂಗಸು.

ಆಕೆ ಮತ್ತು ಆಕೆಯ ಗಂಡ ಹಿಂದಿನ ವರ್ಷವೂ ಪ್ರವಾಸಕ್ಕೆ ಬಂದಿದ್ದರು. ಕಾಲರಾ ಹೆದರಿಕೆಗೆ ಪರದೇಶದವರು ನಮ್ಮ ನೀರಿನಲ್ಲಿ ಕೈ ತೊಳೆಯಲೂ ಅಂಜುತ್ತಿದ್ದಾಗ, ಇವರು ಚಿಪ್ಪುಮೀನು ತಿಂದು ಬೆರಳು ಚೀಪಿದವರು. ಓಣಿಯಲ್ಲಿ ಊದುತ್ತಿದ್ದ ಅಣ್ಣತಮ್ಮಂದಿರನ್ನು ಕಂಡು ಎರಡು ಬೀದಿ ಅವರ ಹಿಂದೆಯೇ ನಡೆದಿದ್ದರು. ಈ ಸಲ ಆ ಉದ್ದನೆಯ ಹೆಂಗಸು ದೂರದಿಂದಲೇ ಕೈ ಬೀಸುತ್ತ ಬಂದಳು. ಗಂಡ ಚೀಲಗಳನ್ನು ಹೊತ್ತು ಹಿಂದೆ. ನಿಕಾಂದ್ರೊ ನನ್ನ ಅಂಗಡಿಯ ಪಕ್ಕದ ಗೋದಲಿಯ ಮುಂದೆ ನಿಂತು ಇನ್ನೇನು ಊದಬೇಕು.

"ಇನ್ನೊಬ್ಬ ಎಲ್ಲಿ?" ಎಂದಳು ಆಕೆ, ಪುಸ್ತಕ ಓದಿ ಕಲಿತ ಇಟಾಲಿಯನ್ನಿನಲ್ಲಿ. "ಚಿಕ್ಕ ಕೊಳವೆ ಊದುವವನು. ನಗುವವನು. ಅವನು ಏಕೆ ಇಲ್ಲ?"

ನಿಕಾಂದ್ರೊ ನಮ್ಮ ಕಡೆ ತಿರುಗಿದ. ಐದು ದಿನದಿಂದ ನಮಗೆಲ್ಲ ಹೇಳಿದ್ದ ಸುಳ್ಳು ಆ ಅಪರಿಚಿತ ಹೆಂಗಸಿನ ಮುಂದೆ ಅವನಿಗೆ ಬರಲಿಲ್ಲ.

"ಕೆಮ್ಮು," ಎಂದೆ ನಾನು. "ಕೆಮ್ಮು," ಎಂದ ಅತ್ತೀಲಿಯೊ ಎದುರಿನಿಂದ. ಮೂರನೆಯ ಮಹಡಿಯಿಂದ ಬಟ್ಟೆ ಹರವುತ್ತಿದ್ದವಳೂ ಬಗ್ಗಿ, "ಕೆಮ್ಮು, ಮೇಡಂ," ಎಂದಳು. ಅರ್ಥವಾಗಲಿಲ್ಲವೇನೋ ಎಂದು ಕೆಮ್ಮಿಯೂ ತೋರಿಸಿದಳು.

ಆಕೆಯ ಮುಖ ಬಾಡಿತು. ಮರುಕ್ಷಣವೇ ಅರಳಿತು. "ನಮ್ಮ ಹತ್ತಿರ ಕಾರು ಇದೆ. ನಾವು ನಾಳೆ ಅವನ ಊರಿಗೆ ಹೋಗುತ್ತೇವೆ. ಅವನನ್ನು ನೋಡುತ್ತೇವೆ."

ಅಯ್ಯೋ ದೇವರೇ, ಆಮೇಲೆ ನಡೆದದ್ದನ್ನು ಏನು ಹೇಳಲಿ. "ರಸ್ತೆ ಇಲ್ಲ," ಎಂದ ಅತ್ತೀಲಿಯೊ. "ಹಿಮ ಬಿದ್ದಿದೆ," ಎಂದೆ ನಾನು. "ಸೇತುವೆ ಮುರಿದಿದೆ." "ತೋಳಗಳಿವೆ." "ಅಂಟುರೋಗದ ಕೆಮ್ಮು." ಕೊನೆಗೆ ದರ್ಜಿಯ ಹೆಂಡತಿ, "ಅಲ್ಲಿಯವರು ಕಾರು ಕದೀತಾರೆ," ಎಂದಳು. ಆಡುತ್ತಿದ್ದವಳು ಕಾರು ಕಳವಿಗೇ ಹೆಸರಾದ ನಾಪೋಲಿಯವಳು ಎಂಬುದನ್ನು ನೆನಪಿಡಿ. ಬೇರೆ ಹೊತ್ತಾಗಿದ್ದರೆ ನಿಕಾಂದ್ರೊ ತನ್ನ ಊರಿನ ಮರ್ಯಾದೆಗಾಗಿ ಬಾಯಿ ತೆರೆಯುತ್ತಿದ್ದನೇನೋ. ಡೆನ್ಮಾರ್ಕಿನವಳ ಗಂಡ ಮೊದಲ ಸಲ ಮಾತಾಡಿದ, ಅವರ ಭಾಷೆಯಲ್ಲಿ ಏನೋ ಹೇಳಿದ. ಕಾರಿನ ಮಾತು ಅವನಿಗೆ ನಾಟಿರಬೇಕು. ಆಕೆ ನಿಟ್ಟುಸಿರಿಟ್ಟು, ಕೈಚೀಲದಿಂದ ರಟ್ಟಿನ ಚೌಕಟ್ಟು ಹಾಕಿದ ಒಂದು ಫೋಟೋ ತೆಗೆದು ನಿಕಾಂದ್ರೊನ ಕೈಗಿಟ್ಟಳು. "ಹೋದ ವರ್ಷ ತೆಗೆದದ್ದು. ನಿಮ್ಮ ತಮ್ಮನಿಗೆ ಕೊಡಿ. ಬೇಗ ಗುಣವಾಗಲಿ ಎಂದು ಹೇಳಿ."

ನಾನು ಅವನ ಭುಜದ ಮೇಲಿಂದ ನೋಡಿದೆ. ಇಬ್ಬರೂ ಇದ್ದರು. ನಿಕಾಂದ್ರೊ ಎಂದಿನಂತೆ ಹುಬ್ಬು ಗಂಟಿಕ್ಕಿ. ಮಾರ್ಚಾನೊ ಗಲ್ಲ ಉಬ್ಬಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಆ ಹೆಂಗಸಿನ ಕ್ಯಾಮೆರಾವನ್ನು ಛೇಡಿಸುತ್ತ. ಬೆಟ್ಟದವರು ಫೋಟೋ ತೆಗೆಸಿಕೊಂಡವರಲ್ಲ. ತಮ್ಮನ ಆ ಮುಖ ನಿಕಾಂದ್ರೊನಿಗೆ ಇನ್ನೆಲ್ಲೂ ನೋಡಲು ಸಿಗಲಾರದು.

"ಕೊಡ್ತೀನಿ," ಎಂದ ನಿಕಾಂದ್ರೊ. ಫೋಟೋವನ್ನು ಕೋಟಿನೊಳಗೆ ಇಟ್ಟುಕೊಂಡ. ಚೀಲವನ್ನು ಬಾಯಿಗೆ ಹಚ್ಚಿದ. ಮೊದಲ ಸಾಲು ಬಂತು. ಎರಡನೆಯದಕ್ಕೆ ಉಸಿರು ಸಾಲಲಿಲ್ಲ. ಚೀಲ ನರಳುತ್ತ ಇಳಿಯಿತು. ಮತ್ತೆ ತುಂಬಿದ, ಮತ್ತೆ ಇಳಿಯಿತು. ಇವತ್ತು ಇಲ್ಲಿ ಊದುವುದು ನಿಂತರೆ ನೊವೆನಾ ಮುರಿಯಿತು. ಮುರಿದರೆ ಕಾರಣ ಹೇಳಬೇಕು, ಹೇಳಿದರೆ ಆ ಮಾತು ಬಿತ್ತು.

ಆಗ ಅತ್ತೀಲಿಯೊ ಶಿಳ್ಳೆ ಹಾಕಿದ. ಹೆಗಲ ಮೇಲೆ ಟವೆಲ್, ಕೈಯಲ್ಲಿ ನೊರೆಯ ಬಟ್ಟಲು, ಹಾಗೇ ಓಣಿ ದಾಟಿ ಬಂದು ನಿಕಾಂದ್ರೊನ ಬಲಕ್ಕೆ ನಿಂತು ಮಾರ್ಚಾನೊನ ಸಾಲನ್ನು ಶಿಳ್ಳೆಯಲ್ಲಿ ಹಿಡಿದ. ಚೆನ್ನಾಗಿರಲಿಲ್ಲ. ದಿನವಿಡೀ ಅಂಗಡಿಯಲ್ಲಿ ಶಿಳ್ಳೆ ಹಾಕುವವನಾದರೂ ಇದು ಅವನಿಗೆ ಹತ್ತದ ರಾಗ. ಮೇಲೇರುವಲ್ಲಿ ಎಡವಿದ. ಒಳಗೆ ಕುರ್ಚಿಯಲ್ಲಿ ಅರ್ಧ ಗಡ್ಡದ ಗಿರಾಕಿ ಬಾಯಿ ತೆರೆದು ಕೂತಿದ್ದ. ನಿಕಾಂದ್ರೊ ಚೀಲ ಎತ್ತಿದ. ಈ ಸಲ ಉಸಿರು ಸಾಲಿತು. ರಾಗ ಕುಂಟುತ್ತ ಕುಂಟುತ್ತ ದಡ ಸೇರಿತು. ಡೆನ್ಮಾರ್ಕಿನ ಹೆಂಗಸು ಅಳುತ್ತ ಚಪ್ಪಾಳೆ ತಟ್ಟಿದಳು. ಇದೂ ನಮ್ಮ ಪದ್ಧತಿಯೇ ಎಂದುಕೊಂಡಿರಬೇಕು, ಕ್ಷೌರಿಕ ಶಿಳ್ಳೆ ಹಾಕುವುದು.

"ಮೇಲೆ ಹೋಗೋವಾಗ ಉಸಿರು ತಗೋಬೇಡ," ಎಂದ ನಿಕಾಂದ್ರೊ ಅವನಿಗೆ. "ಅವನು ಅಲ್ಲಿ ತಗೊಳ್ಳಲ್ಲ."

ಅಂದಿನಿಂದ ಅತ್ತೀಲಿಯೊ ಮನೆಮನೆಗೂ ಜೊತೆಗೆ ಹೋದ. ಗಿರಾಕಿಗಳು ಕಾದರು. ಕಾಯದವರು ಗಡ್ಡದಲ್ಲೇ ಹಬ್ಬ ಮಾಡಿದರು. ನಿಂತದ್ದು ಮಾತ್ರ ಯಾವಾಗಲೂ ಬಲಗಡೆ. ಎಡಗಡೆಯ ಜಾಗಕ್ಕೆ ಅವನು ಕಾಲಿಡಲಿಲ್ಲ.

ಅದೇ ಸಂಜೆ ನಿಕಾಂದ್ರೊ ಫೋನಿನ ಗೂಡಿನಿಂದ ಹೊರಬಂದಾಗ ಅವನ ಮುಖದಲ್ಲಿ ನಗುವಿನಂಥದ್ದೇನೋ ಇತ್ತು. "ಮಾರ್ಚಾನೊಗೆ ಹೇಳ್ದೆ," ಎಂದ ನನಗೆ, ನಾನು ಕೇಳದೆಯೇ. "ಕ್ಷೌರಿಕ ನಿನ್ನ ಬದಲು ಶಿಳ್ಳೆ ಹಾಕ್ತಾನೆ ಅಂತ. ನಕ್ಕೂ ನಕ್ಕೂ ಮತ್ತೆ ಕೆಮ್ಮು ಬಂತು ಅವನಿಗೆ. ಮುಖ ಕ್ಷೌರ ಮಾಡಿದ ಹಾಗೇ ರಾಗಾನೂ ಕೆರೀತಾನಾ, ಕೇಳು ಅಂದ."

ಮಾರ್ಚಾನೊ ಹೇಳುವಂಥದ್ದೇ ಮಾತು. ನಾನು ನಕ್ಕುಬಿಟ್ಟೆ. ಆ ಮಾತು ಓಣಿಯ ಕೊನೆಯವರೆಗೂ ಹೋಯಿತು, ಅತ್ತೀಲಿಯೊ, "ಬರ್ಲಿ ಅವನು ಮುಂದಿನ ವರ್ಷ, ಒಂದು ಕಿವಿ ಕತ್ತರಿಸ್ತೀನಿ," ಎಂದ. ಮರುದಿನ ಮಾರ್ಚಾನೊನಿಗೆ ಕೆಮ್ಮಿನ ಜೊತೆ ಬಂದಿದ್ದ ಜ್ವರ ಇಳಿಯಿತಂತೆ. ಅದರ ಮರುದಿನ ಎದ್ದು ಕೂತನಂತೆ, ಒಂದು ಬಟ್ಟಲು ಸಾರು ಕುಡಿದನಂತೆ, ಕುರಿಗಳನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿದನಂತೆ. ಸಾರು ಕುಡಿದ ಸುದ್ದಿ ಕೇಳಿ ನನ್ನ ಎದೆ ಹಗುರವಾಯಿತು ನೋಡಿ. ಮೆಟ್ಟಿಲು ಹತ್ತುತ್ತ ಅರ್ಧದಲ್ಲಿ ನಿಂತೆ. ಯಾವ ಎದೆ, ಯಾವ ಸಾರು, ಪಾಲ್ಮಿರಾ? ನನ್ನ ಮೇಲೆ ನನಗೇ ಸಿಟ್ಟು ಬಂತು. ಆಮೇಲೆ ಹೆದರಿಕೆಯಾಯಿತು. ಇವನು ಬೆಟ್ಟಕ್ಕೆ ಹಿಂದಿರುಗಿದ ಮೇಲೆ ಆ ಒಲೆಯ ಮುಂದೆ ಒಬ್ಬನೇ ಹೇಗೆ ಕೂರುತ್ತಾನೆ?

ಒಂಬತ್ತನೆಯ ದಿನ ಕ್ರಿಸ್ಮಸ್ಸಿನ ಹಿಂದಿನ ದಿನ. ಓಣಿಯ ತುಂಬ ಎಣ್ಣೆಯ ಕಾವು, ಕರಿಯುತ್ತಿರುವ ಉಪ್ಪುಮೀನು, ಬೋಗುಣಿಗಳಿಂದ ಜಾರಿ ಕಲ್ಲುಹಾಸಿನ ಮೇಲೆ ಹರಿದಾಡುವ ಹಾವುಮೀನು, ಅವನ್ನು ಹಿಡಿಯಲು ಕಿರುಚುತ್ತ ಓಡುವ ಹೆಂಗಸರು. ಕೊನೆಯ ಸರದಿ ರಫಿಲೀನಾಳ ದೊಡ್ಡ ಗೋದಲಿಯದು, ಮಾತೆ ಮರಿಯಳ ಗೂಡಿನ ಕೆಳಗೆ. ಹುಲ್ಲಿನ ತೊಟ್ಟಿಲು ಇನ್ನೂ ಖಾಲಿ. ಬಾಲಯೇಸುವನ್ನು ಮಲಗಿಸುವುದು ನಡುರಾತ್ರಿಯಲ್ಲಿ. ಮಧ್ಯಾಹ್ನ ಇಳಿಯುವ ಹೊತ್ತಿಗೆ ನಿಕಾಂದ್ರೊ ಅಲ್ಲಿ ನಿಂತ, ಪಕ್ಕದಲ್ಲಿ ಅತ್ತೀಲಿಯೊ. ಜನ ಬಾಣಲೆ ಇಳಿಸಿ ಬಂದರು. ಊದಿದ. ಕೊನೆಯ ಸಾಲನ್ನು ಎಷ್ಟು ಎಳೆದನೆಂದರೆ ಚೀಲದಲ್ಲಿ ಒಂದು ಚೂರೂ ಗಾಳಿ ಉಳಿಯಲಿಲ್ಲ. ಮುಗಿಯಿತು. ಮಾತು ಉಳಿಯಿತು. ನಾನು ಶಿಲುಬೆಯ ಗುರುತು ಹಾಕಿಕೊಂಡೆ.

ರಫಿಲೀನಾ ದಿನಾ ಕೇಳುವ ಹಾಗೆ ಕೇಳಿದಳು. "ಮಾರ್ಚಾನೊ ಹೇಗಿದ್ದಾನೆ ಇವತ್ತು?"

ಇನ್ನೂ ಗುಣವಾಗಿದೆ ಎನ್ನುತ್ತಾನೆ, ಬಸ್ಸು ಹತ್ತುತ್ತಾನೆ ಎಂದುಕೊಂಡಿದ್ದೆ. ನಿಕಾಂದ್ರೊ ಚೀಲವನ್ನು ಕೆಳಗಿಟ್ಟ. ಟೋಪಿ ತೆಗೆದ.

"ತೀರ್ಕೊಂಡ, ದೊನ್ನಾ ರಫಿಲೀನಾ," ಎಂದ. "ಮಾರ್ಚಾನೊ ತೀರ್ಕೊಂಡ."

ಒಂಬತ್ತು ದಿನದಿಂದ ಗೊತ್ತಿದ್ದ ವಿಷಯ. ಆದರೂ ಏನಾಯಿತು ಎನ್ನುತ್ತೀರಿ? ದರ್ಜಿಯ ಹೆಂಡತಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಅತ್ತೀಲಿಯೊ ಟವೆಲಿನಲ್ಲಿ ಮುಖ ಮುಚ್ಚಿಕೊಂಡ, ಅವನ ಭುಜ ಕುಲುಕುತ್ತಿತ್ತು. ನಿನ್ನೆ ಎದ್ದು ಕೂತವನು, ಸಾರು ಕುಡಿದವನು, ಕುರಿಗಳನ್ನು ಕೇಳಿದವನು ಇವತ್ತು ಸತ್ತುಹೋದ. ಯಾರೂ ನಟಿಸಲಿಲ್ಲ. ಓಣಿಗೆ ಓಣಿಯೇ ಅತ್ತಿತು.

ಮೊದಲು ಚೇತರಿಸಿಕೊಂಡವಳು ರಫಿಲೀನಾ. "ಕುರ್ಚಿ ತನ್ನಿ," ಎಂದಳು. ನನ್ನ ಅಂಗಡಿಯಿಂದ ಕುರ್ಚಿ ತಂದು ಓಣಿಯ ನಡುವೆ ಹಾಕಿ ಅವನನ್ನು ಕೂರಿಸಿದೆವು. ಒಬ್ಬೊಬ್ಬರೇ ಬಂದು ಅವನ ಕೈ ಹಿಡಿದು, ಸಾವಿನ ಮನೆಯಲ್ಲಿ ಆಡುವ ಮಾತು ಆಡಿ ಹೋದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಹೊರೆಯವರು ಅಡುಗೆ ತರಬೇಕು. ಅವನ ಮನೆ ಬೆಟ್ಟದಲ್ಲಿತ್ತು, ನೆರೆಯವರಾಗಿ ನಾವಿದ್ದೆವು. ಯಾರೋ ಕೋಳಿ ಸಾರು ಎಂದರು. "ಇವತ್ತು ಉಪವಾಸ, ಮಾಂಸ ಮುಟ್ಟೋ ಹಾಗಿಲ್ಲ," ಎಂದಳು ರಫಿಲೀನಾ. "ಸಾವಿನ ಮನೆಗೆ ಕೋಳಿ ಸಾರೇ ಕೊಡಬೇಕಲ್ಲಾ," ಎಂದೆ ನಾನು. ಆಕೆಯ ಎರಡು ರಿವಾಜು ಮೊದಲ ಸಲ ಒಂದಕ್ಕೊಂದು ಡಿಕ್ಕಿ ಹೊಡೆದಿದ್ದವು. ಆಕೆ ಒಂದು ಗಳಿಗೆ ನಿಂತು ಯೋಚಿಸಿದಳು. "ನನ್ನ ಹಬ್ಬದ ಮೀನಿನ ಸಾರು ತನ್ನಿ. ಪೂರ್ತಿ ಪಾತ್ರೆ."

ಅವನು ಬಟ್ಟಲು ಕೈಯಲ್ಲಿ ಹಿಡಿದು ಕೂತ. ಎಲ್ಲರೂ ಸುತ್ತ ನಿಂತಿದ್ದೆವು. ಸೂತಕದವನನ್ನು ಒಬ್ಬನೇ ಉಣ್ಣಲು ಬಿಡಬಾರದು. ತಮ್ಮನಿಲ್ಲದೆ ಮಾತಾಡಲು ಆ ಒಂಬತ್ತು ದಿನದಲ್ಲಿ ಕಲಿತಿದ್ದನೇನೋ, ತಾನಾಗಿಯೇ ಹೇಳಿದ.

"ಹೋಗಿದ್ದು ಕೆಮ್ಮಿಂದ ಅಲ್ಲ. ಕೆಮ್ಮು ಪೂರ್ತಿ ವಾಸಿ ಆಗಿತ್ತು. ಕಟ್ಟಿಗೆ ಒಡೀತಿದ್ದ. ಸುಸ್ತು ಅಂತ ಕೂತ. ನಾನು ನೀರು ತರೋಕೆ ಒಳಗೆ ಹೋದೆ." ಬಟ್ಟಲನ್ನು ತೊಡೆಯ ಮೇಲಿಟ್ಟ. "ಊರಲ್ಲಿ ಎಲ್ಲರಿಗೂ ಗೊತ್ತು. ಅವರೇ ಎತ್ತಿದ್ದು, ಅವರೇ ಮಣ್ಣು ಹಾಕಿದ್ದು. ಯಾರನ್ನ ನೋಡಿದ್ರೂ ಅವರ ಕಣ್ಣಲ್ಲಿ ಅವನು ಸತ್ತಿದ್ದಾನೆ. ಚಮಚ ಕೊಟ್ಟಿದ್ವಲ್ಲ, ಅದಕ್ಕೇ ಬಂದೆ ಅಂದ್ಕೊಂಡಿದ್ದೆ. ಅದಕ್ಕಲ್ಲ. ಇಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಇಲ್ಲಿ ಅವನು ಇನ್ನೂ ಇದ್ದ. ನೀವು ದಿನಾ ಕೇಳ್ತಿದ್ರಿ, ಹೇಗಿದ್ದಾನೆ ಅಂತ. ನಾನು ಹೇಳ್ತಿದ್ದೆ. ಸುಳ್ಳು ಹೇಳ್ದೆ, ದೊನ್ನಾ ರಫಿಲೀನಾ. ಗೋದಲಿ ಮುಂದೆ ನಿಂತು ಸುಳ್ಳು ಹೇಳ್ದೆ. ಒಂಬತ್ತು ದಿನ ಅವನು ಇರ್ಲಿ ಅಂತ."

ನಾನು ನೆಲ ನೋಡಿದೆ. ಅತ್ತೀಲಿಯೊ ಟವೆಲ್ ಮಡಿಸತೊಡಗಿದ. ಎಲ್ಲರ ಕಣ್ಣೂ ರಫಿಲೀನಾಳ ಮೇಲೆ. ಆಕೆ ಕೋಲಿನ ಮೇಲೆ ಎರಡೂ ಕೈ ಊರಿ, ಮೇಲಿನ ಗೂಡಿನ ಮಾತೆ ಮರಿಯಳನ್ನು ಒಮ್ಮೆ ನೋಡಿ, ಅವನ ಕಡೆ ತಿರುಗಿದಳು.

"ಹೌದಪ್ಪ," ಎಂದಳು. "ನಮಗೆ ಯಾರಿಗೂ ಗೊತ್ತಿರ್ಲಿಲ್ಲ. ಸಾರು ಆರೋಗುತ್ತೆ, ಕುಡಿ."

ನಾವೆಲ್ಲರೂ ತಲೆಯಾಡಿಸಿದೆವು. ಅವನು ಸಾರು ಕುಡಿದ.